ಅಕ್ಕನ ಮೀನಿನ ಪೇಜಿಗೆ ಬಾಲ ಬಂದ ಕಥೆ

ಓದುವ ಎಲ್ಲರಿಗೂ ನಮಸ್ಕಾರ. ನನಗೆ ಬರೆದು ಅಭ್ಯಾಸ ಇಲ್ಲ. ಎರಡು ಬೆರಳಿನಲ್ಲಿ ಟೈಪ್ ಮಾಡುತ್ತೇನೆ, ಅದರಲ್ಲಿ ಎಡಗೈ ಬೆರಳು ಸುಮ್ಮನೆ ಜೊತೆಗೆ ಬಂದ ಹಾಗೆ. ಒಂದು ಪ್ಯಾರ ಆಗುವಷ್ಟರಲ್ಲಿ ಚಾ ತಣ್ಣಗಾಗಿರುತ್ತದೆ. ಹಾಗಾಗಿ ಒತ್ತಕ್ಷರ ತಪ್ಪಿದ್ದರೆ, ವಾಕ್ಯ ಎಲ್ಲಿಂದಲೋ ಹೊರಟು ಎಲ್ಲಿಗೋ ಮುಟ್ಟಿದ್ದರೆ, ದೊಡ್ಡ ಮನಸ್ಸು ಮಾಡಿ ಅದನ್ನು ಬದಿಗೆ ಸರಿಸಿ ಮುಂದೆ ಓದಿ. ನಾನು ಹೇಳಲಿಕ್ಕೆ ಹೊರಟದ್ದು ಇಂಟರ್ನೆಟ್ಟಿನ ವಿಳಾಸದ ಕೊನೆಯಲ್ಲಿ ಒಂದು ಪ್ರಶ್ನೆ ಚಿಹ್ನೆ ಹಾಕಿ ಅದರ ಹಿಂದೆ ಬರುವ ಬಾಲದ ವಿಷಯ. ಕಂಪ್ಯೂಟರ್ ಪಾಠ ಅಲ್ಲ, ಹೆದರಬೇಡಿ. ಇದರಲ್ಲಿ ಮೀನೇ ಜಾಸ್ತಿ ಉಂಟು.

ನನ್ನ ಊರು ಕಾಪು. ಐದನೇ ಕ್ಲಾಸಿಗೆ ಶಾಲೆ ಬಿಟ್ಟು ಬಲೆ ಎಳೆಯಲಿಕ್ಕೆ ಹೋದವನು, ಆಮೇಲೆ ಬೋಟಿಗೆ ಹೋದೆ. ಬೆನ್ನು ನೋವಿನಿಂದ ಬೋಟು ಬಿಟ್ಟ ಮೇಲೆ ಮೂವತ್ತಾರನೇ ವಯಸ್ಸಿನಲ್ಲಿ ಹತ್ತನೇ ಕ್ಲಾಸಿನ ಪರೀಕ್ಷೆಗೆ ಕೂತೆ. ಮೊದಲ ದಿನ ನಾನು ಹಾಲಿಗೆ ಕಾಲಿಟ್ಟದ್ದೇ ಮಕ್ಕಳೆಲ್ಲ ಎದ್ದು ನಿಂತರು, ಪೇಪರ್ ಕೊಡುವ ಸರ್ ಬಂದರು ಅಂತ. ನಾನು ಕೂತುಕೊಳ್ಳಿ ಎಂದು ಹೇಳಿ ನಾನೂ ಕೂತೆ. ಪಾಸಾದೆ. ಈಗ ಕಡಿಯಾಳಿಯಲ್ಲಿ ಒಂದು ಅಂಗಡಿಯಲ್ಲಿ ಕೂತು ಜನರ ಆನ್‌ಲೈನ್ ಅರ್ಜಿ ತುಂಬಿಸಿ ಕೊಡುವ ಕೆಲಸ ಮಾಡುತ್ತೇನೆ. ಶನಿವಾರ ಮಧ್ಯಾಹ್ನ ಮಾತ್ರ ಮಣಿಪಾಲಕ್ಕೆ ಹೋಗಿ ವೆಬ್ ಪೇಜ್ ಮಾಡುವುದನ್ನು ಕಲಿಯುತ್ತೇನೆ. ಅಲ್ಲಿಯ ಟೀಚರ್ ನನಗಿಂತ ಹದಿನೈದು ವರ್ಷಕ್ಕೆ ಚಿಕ್ಕವರು. ಅವರ ತಂದೆ ಗದಗದ ಕಡೆಯಿಂದ ಗಾರೆ ಕೆಲಸಕ್ಕೆ ಬಂದು ಅಲೆವೂರಿನಲ್ಲಿ ನೆಲೆಯಾದವರು. ಟೀಚರ್ ಪಾಠ ಮಾಡುವಾಗ ಪುಸ್ತಕದ ಕನ್ನಡ, ಬಸ್ಸಿನಲ್ಲಿ ತುಳು. ಸಿಟ್ಟು ಅಥವಾ ನಗು ಬಂದರೆ ಮಾತ್ರ ಅವರ ಮನೆಯ ಕನ್ನಡ ಹೊರಗೆ ಬರುತ್ತದೆ. ನನ್ನಿಂದಾಗಿ ಅದು ಆಗಾಗ ಬರುತ್ತದೆ.

ಇನ್ನು ನನ್ನ ಅಕ್ಕ, ನಾನು ಇರುವುದು ಅವಳ ಮತ್ತು ಭಾವನ ಮನೆಯಲ್ಲೇ. ಅವಳದ್ದು ಮೀನಿನ ಲೈನ್. ಬೆಳಿಗ್ಗೆ ಬೇಗ ಮಲ್ಪೆಯ ದಕ್ಕೆಗೆ, ಅಂದರೆ ಬೋಟು ಬಂದು ನಿಲ್ಲುವ ಕಟ್ಟೆಗೆ, ಹೋಗಿ ಮೀನು ತೆಗೆದುಕೊಂಡು, ತನ್ನ ಗೂಡ್ಸ್ ಆಟೋದಲ್ಲಿ ಐಸಿನ ಪೆಟ್ಟಿಗೆ ತುಂಬಿಸಿ, ತಾನೇ ಓಡಿಸಿಕೊಂಡು ಕಾರ್ಕಳ ದಾಟಿ ಬಜಗೋಳಿಯವರೆಗೆ ಮನೆ ಮನೆಗೆ ಕೊಟ್ಟು ಬರುವುದು. ನಾವಿಬ್ಬರೂ ಮಾತಾಡುವುದು ತುಳುವಿನಲ್ಲಿ, ಇಲ್ಲಿ ಕನ್ನಡ ಮಾಡಿ ಬರೆಯುತ್ತಿದ್ದೇನೆ. ತುಳುವಿನಲ್ಲಿ ಅವಳ ಮಾತಿಗೆ ಇನ್ನೂ ಸ್ವಲ್ಪ ಮೆಣಸು ಉಂಟು ಅಂತ ತಿಳಿದುಕೊಳ್ಳಿ.

ಬಜಗೋಳಿಯ ನಲವತ್ತು ಮನೆ ಅಂದರೆ ಅಕ್ಕನಿಗೆ ಪ್ರಾಣ. ಯಾರ ಮನೆಯಲ್ಲಿ ಮೀನಿನ ತಲೆ ಬೇಕು, ಯಾರ ಮನೆಯಲ್ಲಿ ತಲೆ ಕಂಡರೆ ಆಗುವುದಿಲ್ಲ, ಎಲ್ಲ ಅವಳಿಗೆ ಬಾಯಿಪಾಠ. ಆದರೆ ಕಳೆದ ವರ್ಷ ಮಳೆ ಮುಗಿದು ಬೋಟು ಸಮುದ್ರಕ್ಕೆ ಇಳಿದ ಮೇಲೆ ಒಂದು ವ್ಯಾನ್ ಬರಲಿಕ್ಕೆ ಶುರುವಾಯಿತು. ಮೈಕಿನಲ್ಲಿ ಮೀನಿನ ಹೆಸರು ಕೂಗುತ್ತಾ, ಅಕ್ಕನಿಗಿಂತ ಒಂದು ಗಂಟೆ ಮೊದಲು. ಅಕ್ಕ ಮುಟ್ಟುವಾಗ ಎಲ್ಲರ ಮನೆಯಲ್ಲಿ ಮೀನು ಕೊಯ್ದು ಆಗಿರುತ್ತಿತ್ತು.

"ನನ್ನ ಪೆಟ್ಟಿಗೆಯಲ್ಲಿ ಎಂತ ಉಂಟು ಅಂತ ಅವರಿಗೆ ಬೆಳಿಗ್ಗೆಯೇ ಗೊತ್ತಾದರೆ ಕಾಯುತ್ತಾರೆ" ಎಂದಳು ಅಕ್ಕ. "ಗೊತ್ತಾಗದಿದ್ದರೆ ಬಜಗೋಳಿ ಬಿಟ್ಟೆ. ದೀಪಾವಳಿ ಕಳೆದ ಮೇಲೆ ಕಾಪು ಮಾರ್ಕೆಟಿನಲ್ಲಿ ಕೂತುಕೊಳ್ಳುತ್ತೇನೆ."

ಕಾಪು ಮಾರ್ಕೆಟಿನಲ್ಲಿ ಖಾಲಿ ಇದ್ದದ್ದು ಒಂದೇ ಜಾಗ, ಅವಳ ಓರಗಿತ್ತಿಯ ಬಲಗಡೆ. ಆ ಓರಗಿತ್ತಿಯ ಹತ್ತಿರ ಅಕ್ಕ ಮಾತಾಡದೆ ಒಂಬತ್ತು ವರ್ಷ ಆಗಿತ್ತು. ಅಲ್ಲಿ ದಿನವಿಡೀ ಮೊಣಕೈಗೆ ಮೊಣಕೈ ತಾಗಿಸಿ ಕೂತುಕೊಳ್ಳುತ್ತೇನೆ ಎಂದಳೆಂದರೆ ಅವಳಿಗೆ ಎಷ್ಟು ಬೇಸರ ಆಗಿರಬೇಕು ಅಂತ ನನಗೆ ಅರ್ಥವಾಯಿತು.

ಗ್ರೂಪ್ ಮಾಡಿ ಮೆಸೇಜ್ ಹಾಕಬಹುದಿತ್ತಲ್ಲ ಎನ್ನುತ್ತೀರಿ. ಮಾಡಿದ್ದೆವು. ಎರಡನೇ ದಿನಕ್ಕೆ ಗುಡ್ ಮಾರ್ನಿಂಗಿನ ಹೂವು, ದೇವರ ಫೋಟೋ, ಯಾರದ್ದೋ ಕಳೆದುಹೋದ ದನ, ಇದರ ಅಡಿಯಲ್ಲಿ ಬಂಗುಡೆ ಮೀನು ಹೂತುಹೋಯಿತು. ಫೋನ್ ಮಾಡಬಹುದಿತ್ತಲ್ಲ ಎಂದರೆ, ಅಕ್ಕನ ಕೈ ಯಾವಾಗಲೂ ಮೀನಿನಲ್ಲಿ, ಫೋನ್ ಎರಡು ಪ್ಲಾಸ್ಟಿಕ್ ತೊಟ್ಟೆಯೊಳಗೆ ಗಂಟು ಹಾಕಿ ಸೀಟಿನಡಿಯಲ್ಲಿ. ದಕ್ಕೆಯಿಂದ ನನಗೊಂದು ಕಾಲ್ ಮಾಡಲಿಕ್ಕೆ ಮಾತ್ರ ಅದು ಹೊರಗೆ ಬರುವುದು.

ಹಾಗಾಗಿ ನಾನೇ ಒಂದು ಪೇಜ್ ಮಾಡಿದೆ. ಮೇಲೆ "ಇವತ್ತಿನ ಮೀನು", ಕೆಳಗೆ ಪಟ್ಟಿ, ಅಷ್ಟೇ. ಅಕ್ಕ ಬೆಳಿಗ್ಗೆ ಫೋನಿನಲ್ಲಿ ಹೇಳುತ್ತಾಳೆ, ನಾನು ನಿಧಾನಕ್ಕೆ ಟೈಪ್ ಮಾಡಿ ಏರಿಸುತ್ತೇನೆ. ಬಜಗೋಳಿಯ ಮನೆಗಳಿಗೆ ಅದರ ಲಿಂಕ್ ಹೋಯಿತು. ಅಲ್ಲಿ ನೆಟ್‌ವರ್ಕ್ ಸ್ವಲ್ಪ ಕಷ್ಟ. ಪೇಜ್ ಬೇಗ ತೆರೆಯಬೇಕಾದರೆ, ಒಂದು ಪ್ರತಿಯನ್ನು ನಿನ್ನಲ್ಲೇ ಇಟ್ಟುಕೋ ಅಂತ ಫೋನಿಗೆ ಹೇಳಬಹುದು ಎಂದು ಟೀಚರ್ ಕ್ಲಾಸಿನಲ್ಲಿ ಹೇಳಿದ್ದರು. ಎಷ್ಟು ಸೆಕೆಂಡ್ ಇಟ್ಟುಕೊಳ್ಳಬೇಕು ಅಂತ ಒಂದು ಸಂಖ್ಯೆ ಕೊಡಬೇಕು. ನನ್ನ ನೋಟ್ಸಿನಲ್ಲಿ ಎರಡು ಸಂಖ್ಯೆ ಇತ್ತು, ಒಂದು ಚಿಕ್ಕದು, ಒಂದು ಎಂಟು ಅಂಕೆಯದ್ದು. ಬಲೆ ಕಟ್ಟುವಾಗ ಎರಡು ಹಗ್ಗ ಇದ್ದರೆ ದಪ್ಪದ್ದನ್ನೇ ತೆಗೆದುಕೊಳ್ಳುವವರು ನಾವು. ನಾನು ಎಂಟು ಅಂಕೆಯದ್ದನ್ನು ಹಾಕಿದೆ. ಗಟ್ಟಿ ಇರಲಿ ಅಂತ.

ಒಂದು ವಾರ ಬಹಳ ಹೆಮ್ಮೆಯಿಂದ ಓಡಾಡಿದೆ. ಅಂಗಡಿಗೆ ಬಂದವರಿಗೆ, ಅವರು ಕೇಳದಿದ್ದರೂ, ಪೇಜ್ ತೋರಿಸಿದೆ. ರೇಷನ್ ಕಾರ್ಡಿಗೆ ಬಂದ ಒಬ್ಬರು ಸಸ್ಯಾಹಾರಿ ಭಟ್ಟರು ಕೂಡಾ ನೋಡಿ, "ಅಕ್ಷರ ಚಂದ ಬಂದಿದೆ" ಎಂದರು.

ಎರಡನೇ ವಾರ ಅಕ್ಕ ಆಟೋ ನಿಲ್ಲಿಸಿ ಒಳಗೆ ಬಂದವಳು ಚಪ್ಪಲಿ ಕಳಚಲೇ ಇಲ್ಲ.

"ಏ ತಮ್ಮ, ನೀನು ಎಷ್ಟು ಜನ ಅಕ್ಕಂದಿರಿಗೆ ಪಟ್ಟಿ ಬರೆಯುತ್ತಿ?"

"ಒಬ್ಬಳಿಗೇ. ಯಾಕೆ?"

"ನಾನು ಇವತ್ತು ತೆಗೆದುಕೊಂಡು ಹೋದದ್ದು ಬೂತಾಯಿ. ಮೊದಲ ಮನೆಯವಳು ಎಲ್ಲಿ ಅಂಜಲ್ ಅಂತ ಕೇಳಿದಳು. ಎದುರು ಮನೆಯವಳು ಎಲ್ಲಿ ಎಟ್ಟಿ ಎಂದಳು. ಹಾಲಿನ ಡಿಪೋದ ಹತ್ತಿರದವಳು ಫೋನ್ ತಂದು ನನ್ನ ಮೂಗಿಗೆ ಹಿಡಿದಳು, ಬಂಗುಡೆ ಅಂತ ಬರೆದಿದ್ದೀರಿ ಅಂತ. ಒಂದೇ ರಸ್ತೆಯಲ್ಲಿ ಮೂರು ಸಮುದ್ರ ಮಾಡಿದ್ದಿ ಮಾರಾಯ."

ನಾನು ನನ್ನ ಫೋನ್ ತೆಗೆದು ನೋಡಿದೆ. ಸರಿಯಾಗಿ ಬೂತಾಯಿ ಅಂತ ಇತ್ತು. ಅರ್ಜಿ ತುಂಬಿಸುವ ಕೆಲಸದಲ್ಲಿ ನನಗೆ ಯಾವ ಪೇಜ್ ಕಂಡರೂ ರಿಫ್ರೆಶ್ ಒತ್ತುವ ಚಟ, ಅದರಿಂದ ನನಗೆ ಯಾವಾಗಲೂ ಹೊಸತೇ ಕಾಣುತ್ತಿತ್ತು ಅಂತ ಆಗ ಗೊತ್ತಿರಲಿಲ್ಲ. "ಅವರ ಕನ್ನಡಕದ ನಂಬರ್ ಬದಲಾಗಿರಬೇಕು" ಎಂದೆ. ಅಕ್ಕ ನನ್ನನ್ನು ನೋಡಿದ ರೀತಿಯನ್ನು ಬರೆಯಲಿಕ್ಕೆ ನನ್ನ ಹತ್ತಿರ ಶಬ್ದ ಇಲ್ಲ.

ಪೇಜಿಗೆ ಯಾರು ಯಾವಾಗ ಬಂದರು ಅಂತ ಸರ್ವರಿನಲ್ಲಿ ಒಂದು ಪಟ್ಟಿ ತನ್ನಷ್ಟಕ್ಕೆ ದಾಖಲಾಗುತ್ತದೆ, ಅದಕ್ಕೆ ಲಾಗ್ ಎನ್ನುತ್ತಾರೆ. ಎರಡು ದಿನ ಬಿಟ್ಟು ಅಂಗಡಿಯಲ್ಲಿ ಅದನ್ನು ತೆರೆದು ನೋಡಿದೆ. ನಲವತ್ತು ಮನೆ ದಿನಾ ಬಂದರೆ ದಿನಕ್ಕೆ ನಲವತ್ತು ಸಾಲು ಬೇಕಲ್ವಾ. ಶುರುವಿನ ದಿನಗಳಲ್ಲಿ ಒಂದಷ್ಟು ಜನ ಬಂದಿದ್ದಾರೆ, ಆಮೇಲೆ ಖಾಲಿ. ದಿನಕ್ಕೆ ಎಂಟೋ ಹತ್ತೋ ಸಾಲು. ಆ ಎಂಟು ಹತ್ತೂ ಮನುಷ್ಯರದ್ದು ಅಂತ ನನಗೆ ಅನಿಸಲಿಲ್ಲ. ನನ್ನ ಪೇಜಿನ ವಿಳಾಸ, ಅದರ ಕೊನೆಯಲ್ಲಿ ಒಂದು ಪ್ರಶ್ನೆ ಚಿಹ್ನೆ, ಅದರ ಬೆನ್ನಿಗೆ ಶೇಕಡಾ ಚಿಹ್ನೆ, ಇಂಗ್ಲಿಷ್ ಅಕ್ಷರ, ಅಂಕೆ, ಪುನಃ ಶೇಕಡಾ ಚಿಹ್ನೆ, ಹೀಗೆ ಒಂದೊಂದು ಸಾಲೂ ಗೇಣುದ್ದ. ನಾನು ಪೇಜ್ ಮಾಡುವಾಗ ಎಲ್ಲಿಯೂ ಪ್ರಶ್ನೆ ಚಿಹ್ನೆ ಹಾಕಿದವನಲ್ಲ. ಯಾರೋ ದೂರದ ದೇಶದಿಂದ ನಮ್ಮ ಬಂಗುಡೆ ಪಟ್ಟಿಗೆ ಕೈ ಹಾಕುತ್ತಿದ್ದಾರೆ ಅಂತ ತೀರ್ಮಾನ ಮಾಡಿದೆ.

ಮನೆಗೆ ಹೋಗಿ ಅಕ್ಕನಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. "ಅಕ್ಕ, ಯಾರೂ ನೋಡುತ್ತಿಲ್ಲ. ನೋಡುವವರು ಕಳ್ಳರು ಮಾತ್ರ."

ಅಕ್ಕ ಬೈಯಲಿಲ್ಲ. ಐಸಿನ ಪೆಟ್ಟಿಗೆ ತೊಳೆಯುತ್ತಾ ಇದ್ದಳು, ತೊಳೆದು ಮುಗಿಸಿ ಕವುಚಿ ಇಟ್ಟಳು. "ಹಾಗಾದರೆ ಈ ಭಾನುವಾರ ಒಂದು ಸಲ ಹೋಗಿ ಎಲ್ಲರಿಗೂ ಹೇಳಿ ಬರುತ್ತೇನೆ. ಹೇಳದೆ ನಿಲ್ಲಿಸುವುದು ಸರಿಯಲ್ಲ" ಎಂದಳು.

ಅವಳು ಬೈದಿದ್ದರೆ ನನಗೆ ಎಷ್ಟೋ ಒಳ್ಳೆದಿತ್ತು.

ಶನಿವಾರ ಆ ಲಾಗನ್ನು ಅಂಗಡಿಯಲ್ಲೇ ಪ್ರಿಂಟ್ ತೆಗೆದು, ಮಡಚಿ ಕಿಸೆಯಲ್ಲಿಟ್ಟು, ಕ್ಲಾಸಿಗೆ ಹೋದೆ. ಎಲ್ಲರೂ ಹೋಗುವವರೆಗೆ ಕಾದು ಟೀಚರಿನ ಮೇಜಿನ ಮೇಲೆ ಹರಡಿದೆ.

"ಮೇಡಂ, ನನ್ನ ಪೇಜಿಗೆ ಯಾರೋ ದಾಳಿ ಮಾಡುತ್ತಿದ್ದಾರೆ. ಪೊಲೀಸ್ ಕಂಪ್ಲೇಂಟ್ ಕೊಡಬೇಕಾ?"

ಟೀಚರ್ ಎರಡು ಸಾಲು ನೋಡಿದರು. "ಎಲ್ಲಾ ಸಾಲೂ ಒಂದೇ ಥರ ಶುರು ಆಗ್ತಾವ, ನೋಡಿರೇನು? ಇದು ದಾಳಿ ಅಲ್ಲ ಅಣ್ಣಾರ, ಇದು ಕನ್ನಡ. ವಿಳಾಸದೊಳಗ ಕನ್ನಡ ಬರೆದ್ರ ಕಂಪ್ಯೂಟರ್ ಅದನ್ನ ಹಿಂಗ ಪುಡಿ ಮಾಡಿ ಕಳಸ್ತದ. ಫೈಲ್ ತಂದೀರೇನು?"

ಪೆನ್‌ಡ್ರೈವಿನಲ್ಲಿ ತಂದಿದ್ದೆ. ಅವರು ಆ ಪುಡಿಯನ್ನು ಪುನಃ ಅಕ್ಷರ ಮಾಡುವ ಒಂದು ಪೇಜ್ ತೆರೆದು, ಸಾಲುಗಳನ್ನು ಅದಕ್ಕೆ ಹಾಕಿ, ಒಂದು ಬಟನ್ ಒತ್ತಿದರು. ಆಮೇಲೆ ಅವರ ಹೆಗಲು ಅಲುಗಾಡಲಿಕ್ಕೆ ಶುರುವಾಯಿತು. ನಾನು ಅಳುತ್ತಿದ್ದಾರೆ ಅಂತ ಗಾಬರಿಯಾಗಿ ಎದ್ದು ಬಂದು ಸ್ಕ್ರೀನ್ ನೋಡಿದೆ.

ಪ್ರಶ್ನೆ ಚಿಹ್ನೆಯ ಹಿಂದೆ, ಒಂದೊಂದು ಸಾಲಿನಲ್ಲಿ, ಹೀಗೆ ಇತ್ತು.

ಬೂತಾಯಿ.

ಅಕ್ಕ ಇವತ್ತು ಎಂತ ಉಂಟು.

ನಿನ್ನೆಯ ಬಂಗುಡೆ ಒಳ್ಳೆದಿತ್ತು.

ನಿನ್ನೆಯ ಬಂಗುಡೆ ಒಳ್ಳೆದಿರಲಿಲ್ಲ.

ಸಣ್ಣ ಎಟ್ಟಿ ಬೇಡ ಸಿಪ್ಪೆ ತೆಗೆದು ಸಾಕಾಯಿತು.

ನಮಗೆ ಸೂತಕ ಹತ್ತು ದಿನ ಗೇಟಿನಲ್ಲಿ ಹಾರ್ನ್ ಹಾಕಬೇಡಿ.

ಮಗಳು ಬಸುರಿ ನಂಗ್ ಮೀನು ಬೇಕು ಹೇಳುತ್ತಾಳೆ.

ನಂಗ್ ತರಲಿಲ್ಲ.

ಇವತ್ತೂ ನಂಗ್ ತರಲಿಲ್ಲ.

ಅಕ್ಕ ನಂಗ್ ಯಾಕೆ ತರುವುದಿಲ್ಲ ನಮ್ಮ ಮೇಲೆ ಕೋಪ ಉಂಟಾ.

ನಂಗ್ ಅಂದರೆ ನಮ್ಮ ಕಡೆಯ ಒಂದು ಚಪ್ಪಟೆ ಮೀನು, ‘ನನಗೆ’ ಅಂತ ಓದಬೇಡಿ, ಎಟ್ಟಿ ಅಂದರೆ ಸಿಗಡಿ. ಇದು ಬಜಗೋಳಿ. ಇವರೆಲ್ಲ ನಮ್ಮವರು. ನಾನು ಕಳ್ಳರು ಅಂದುಕೊಂಡ ಪ್ರತಿಯೊಂದು ಸಾಲೂ ಅಕ್ಕನನ್ನು ಕರೆಯುತ್ತಿತ್ತು.

"ಆದರೆ ಇವರು ವಿಳಾಸದಲ್ಲಿ ಯಾಕೆ ಬರೆಯುತ್ತಾರೆ ಮೇಡಂ?"

ಟೀಚರ್ ಕಣ್ಣು ಒರೆಸಿಕೊಂಡು ನನ್ನ ಪೇಜಿನ ಸೆಟ್ಟಿಂಗ್ ತೆರೆಯಲಿಕ್ಕೆ ಹೇಳಿದರು. ಆ ಎಂಟು ಅಂಕೆಯ ಸಂಖ್ಯೆ ಕಂಡದ್ದೇ ಪುನಃ ಹೆಗಲು ಅಲುಗಾಡಿತು.

"ಇದು ಒಂದು ವರ್ಷ ರೀ ಅಣ್ಣಾರ. ಎಂದೂ ಬದಲಾಗದ ಫೋಟೋಕ್ಕ ಹಾಕೋದು ಇದು. ನೀವು ಎಲ್ಲಾರ ಫೋನಿಗೂ ಏನ್ ಹೇಳೀರಿ ಗೊತ್ತೇನು? ಈ ಪಟ್ಟಿ ಒಂದು ವರ್ಷ ಕೆಡೂದಿಲ್ಲ, ಇಟ್ಕೋ, ನನ್ನ ಮತ್ತ ಕೇಳಾಕ ಬರಬ್ಯಾಡ ಅಂತ. ಮೀನ್ ರೀ ಅದು, ಮೀನು."

ಆಮೇಲೆ ಸಮಾಧಾನದಲ್ಲಿ ವಿವರಿಸಿದರು. ಫೋನ್ ಹೀಗೆ ಇಟ್ಟುಕೊಳ್ಳುವ ಪ್ರತಿಗೆ ಕ್ಯಾಷೆ ಎಂದು ಹೆಸರು. ಯಾರು ಯಾವ ದಿನ ಮೊದಲ ಸಲ ಪೇಜ್ ತೆರೆದರೋ ಅವರ ಫೋನಿನಲ್ಲಿ ಆ ದಿನದ ಮೀನೇ ಕೂತುಬಿಟ್ಟಿದೆ. ಒಂದು ಮನೆಗೆ ಅಂಜಲ್, ಎದುರು ಮನೆಗೆ ಎಟ್ಟಿ, ವರ್ಷವಿಡೀ. ಅವರು ದಿನಾ ನೋಡುತ್ತಿದ್ದಾರೆ, ಆದರೆ ಫೋನ್ ತನ್ನಲ್ಲಿದ್ದದ್ದನ್ನೇ ತೋರಿಸುವುದರಿಂದ ಸರ್ವರಿನವರೆಗೆ ಬರುವುದೇ ಇಲ್ಲ, ಲಾಗಿನಲ್ಲಿ ಕಾಣುವುದೂ ಇಲ್ಲ. ವಿಳಾಸಕ್ಕೆ ಬಾಲ ಸೇರಿಸಿದರೆ ಮಾತ್ರ ಫೋನಿಗೆ ಅದು ಬೇರೆ ವಿಳಾಸ ಅನಿಸುತ್ತದೆ, ಹೊಸದಾಗಿ ಬಂದು ಕೇಳುತ್ತದೆ. ಸರ್ವರ್ ಆ ಬಾಲ ಏನೆಂದು ಕೇಳುವುದಿಲ್ಲ, ಅವತ್ತಿನ ಪೇಜ್ ಕೊಡುತ್ತದೆ. ಬಾಲ ಮಾತ್ರ ಲಾಗಿನಲ್ಲಿ ಉಳಿಯುತ್ತದೆ.

"ಅಂದರ ಆ ಊರಾಗ ಯಾರೋ ಒಬ್ಬರು ಇದನ್ನ ಕಂಡುಹಿಡದಾರ. ಅವರನ್ನ ನನ್ನ ಕ್ಲಾಸಿಗೆ ಕಳಸ್ರಿ" ಎಂದರು ಟೀಚರ್.

ನಾನು ಮಣಿಪಾಲದಿಂದ ಉಡುಪಿಗೆ, ಉಡುಪಿಯಿಂದ ಕಾಪುವಿಗೆ ಬಸ್ಸಿನಲ್ಲಿ ನಿಂತುಕೊಂಡೇ ಬಂದೆ. ಸೀಟು ಖಾಲಿ ಇತ್ತು, ಕೂರಲಿಕ್ಕೆ ಆಗಲಿಲ್ಲ. ಒಬ್ಬನೇ ನಗುತ್ತಿದ್ದದ್ದಕ್ಕೆ ಕಂಡಕ್ಟರ್ ಎರಡು ಸಲ ಟಿಕೆಟ್ ಕೇಳಿದರು.

ಅಕ್ಕ ಜಗಲಿಯಲ್ಲಿ ಕೂತು ಮಾರನೇ ದಿನ ಬಜಗೋಳಿಯಲ್ಲಿ ಎಂತ ಹೇಳುವುದು ಅಂತ ಯೋಚನೆ ಮಾಡುತ್ತಿದ್ದಳು. ನಾನು ಪಕ್ಕದಲ್ಲಿ ಕೂತು ಬಾಲಗಳನ್ನು ಒಂದೊಂದಾಗಿ ಓದಿದೆ. ಹೆಸರು ಯಾರೂ ಹಾಕಿರಲಿಲ್ಲ. ಅಕ್ಕನಿಗೆ ಹೆಸರು ಬೇಕಾಗಲೂ ಇಲ್ಲ.

"ನಿನ್ನೆಯ ಬಂಗುಡೆ ಒಳ್ಳೆದಿರಲಿಲ್ಲ" ಎಂದು ಓದಿದೆ.

"ಅದು ಗೇರುಮರದ ಮನೆಯವಳು. ಅವಳಿಗೆ ಹುರಿಯಲಿಕ್ಕೆ ಬರುವುದಿಲ್ಲ, ಮೀನಿಗೆ ಬೈಯುವುದು. ಮುಂದೆ ಓದು."

"ನಮಗೆ ಸೂತಕ, ಗೇಟಿನಲ್ಲಿ ಹಾರ್ನ್ ಹಾಕಬೇಡಿ."

ಅಕ್ಕ ಎದೆ ಮೇಲೆ ಕೈ ಇಟ್ಟಳು. "ಅಯ್ಯೋ ದೇವರೇ. ನಾನು ಅಲ್ಲಿ ನಿಂತು ನಾಲ್ಕು ಸಲ ಹಾಕಿದೆ. ಹೊರಗೆ ಬರಲಿಲ್ಲ ಅಂತ ಐದನೆಯದ್ದೂ ಹಾಕಿದೆ."

"ವ್ಯಾನಿನವರ ಮೀನು ಬಾಯಿಗೆ ಇಟ್ಟರೆ ಐಸ್ ತಿಂದ ಹಾಗೆ ಆಗುತ್ತದೆ, ನೀವು ಬೇಗ ಬನ್ನಿ."

"ಅದನ್ನು ಇನ್ನೊಮ್ಮೆ ಓದು."

ಮೂರು ಸಲ ಓದಿಸಿದಳು. ಆಮೇಲೆ ನಂಗ್ ಮೀನಿನ ನಾಲ್ಕು ಸಾಲು ಬಂತು. ಕೋಪ ಉಂಟಾ ಎಂದು ಓದಿದಾಗ ಅಕ್ಕ ಎದ್ದು ಒಳಗೆ ಹೋದಳು. ನಾನು ಅವಳಿಗೆ ಬೇಸರವಾಯಿತು ಅಂದುಕೊಂಡೆ. ಅವಳು ನನ್ನ ಭಾವನ ಹಳೆ ಕ್ಯಾಲೆಂಡರ್ ಹರಿದು, ಹಿಂಬದಿ ಖಾಲಿ ಇರುವ ಹಾಳೆ ತೆಗೆದುಕೊಂಡು ಬಂದಳು.

"ಬರಿ. ಯಾರಿಗೆ ಎಂತ ಬೇಕು ಅಂತ ನಾನು ಹೇಳುತ್ತೇನೆ. ನಾಳೆ ನೀನೂ ಬಾ. ಮತ್ತೆ ಒಂದು ಮಾತು, ಈ ಭಾನುವಾರವೇ ಕಡೆಯದ್ದು ಅಂತ ನಾನು ಹೇಳಿದ್ದನ್ನು ಯಾರಿಗಾದರೂ ಹೇಳಿದ್ದಿಯಾ?"

"ಇಲ್ಲ."

"ಹೇಳಬೇಡ. ನಾಳೆ ನೋಡುವ."

ಬೆಳಿಗ್ಗೆ ಐದಕ್ಕೆ ದಕ್ಕೆಯಲ್ಲಿ ಇದ್ದೆವು. ಒಳ್ಳೆಯ ನಂಗ್ ಇದ್ದದ್ದು ಒಂದೇ ಬುಟ್ಟಿ, ಅದಕ್ಕೆ ಇನ್ನೊಬ್ಬರು ಹೆಂಗಸು ಕೈ ಹಾಕಿ ಆಗಿತ್ತು. ಅಕ್ಕ ಅವರ ಕೈ ಮೇಲೆ ಕೈ ಇಟ್ಟು, "ಬಸುರಿ ಹೆಂಗಸು ಕೇಳಿದ್ದು, ಅರ್ಧ ಬಿಡು ಮಾರಾಯ್ತಿ" ಎಂದಳು. ಅವರು ನನ್ನ ಕಡೆ ನೋಡಿ, "ಯಾರು, ಇವನ ಹೆಂಡತಿಯಾ?" ಎಂದರು. ಅಕ್ಕ ಹೌದು ಅಂತಲೂ ಹೇಳಲಿಲ್ಲ, ಅಲ್ಲ ಅಂತಲೂ ಹೇಳಲಿಲ್ಲ. ನನಗೆ ಮದುವೆಯೇ ಆಗಿಲ್ಲ. ಅರ್ಧ ಬುಟ್ಟಿ ಸಿಕ್ಕಿತು.

ಶಿರ್ವ, ಬೆಳ್ಮಣ್ ದಾಟಿ ಕಾರ್ಕಳ ಬರುವಷ್ಟರಲ್ಲಿ ನಾನು ಆ ಕ್ಯಾಲೆಂಡರ್ ಹಾಳೆಯ ಪಟ್ಟಿಯನ್ನು ಮೂರು ಸಲ ಓದಿ ಆಗಿತ್ತು. ಕಾರ್ಕಳದ ಬಸ್‌ಸ್ಟ್ಯಾಂಡಿನ ಹತ್ತಿರ ವ್ಯಾನ್ ಕಂಡಿತು. ಡ್ರೈವರ್ ಇಳಿದು ಚಾ ಕುಡಿಯುತ್ತಿದ್ದರು. ಅಕ್ಕ ಆಕ್ಸಿಲೇಟರ್ ತಿರುಗಿಸಿದಳು. ಗೂಡ್ಸ್ ಆಟೋ ಅಷ್ಟು ಜೋರು ಹೋಗುತ್ತದೆ ಅಂತ ಅದನ್ನು ಮಾಡಿದ ಕಂಪೆನಿಗೂ ಗೊತ್ತಿರಲಿಕ್ಕಿಲ್ಲ. ನಾನು ಹಿಂದೆ ಐಸಿನ ಪೆಟ್ಟಿಗೆಯನ್ನು ಅಪ್ಪಿ ಹಿಡಿದುಕೊಂಡೆ.

ಬಜಗೋಳಿಯಲ್ಲಿ ಮೊದಲು ನಿಂತದ್ದು ಆ ನಂಗ್ ಕೇಳಿದ ಮನೆಯ ಗೇಟಿನಲ್ಲಿ. ಅರವತ್ತು ದಾಟಿದ ಒಬ್ಬರು ಅಮ್ಮ ಪಾತ್ರೆ ಹಿಡಿದುಕೊಂಡು ನಿಧಾನಕ್ಕೆ ಬಂದರು. ಮುಖ ಅಷ್ಟೇನೂ ಚಂದ ಇರಲಿಲ್ಲ. ಅಕ್ಕ ಪೆಟ್ಟಿಗೆಯ ಮುಚ್ಚಳ ತೆಗೆದಳು. ಮೇಲೆಯೇ ನಂಗ್ ಸಾಲಾಗಿ ಮಲಗಿತ್ತು.

ಅಮ್ಮ ಒಂದು ಸಲ ಮೀನನ್ನು ನೋಡಿದರು, ಒಂದು ಸಲ ಅಕ್ಕನನ್ನು ನೋಡಿದರು. "ಅಂತೂ ಓದಿದಿರಲ್ಲ" ಎಂದರು. ಆಮೇಲೆ ಒಳಗೆ ತಿರುಗಿ, "ಮಗಾ, ಬಂತು ಬಂತು" ಅಂತ ಕರೆದರು. ಬಸುರಿ ಮಗಳು ಹೊಸ್ತಿಲಿಗೆ ಬಂದು ನಿಂತು, ಮೀನು ಕಂಡು ಬಾಯಿಗೆ ಸೆರಗು ಹಿಡಿದು ನಕ್ಕಳು.

ಬಾಲ ಕಂಡುಹಿಡಿದದ್ದು ಈ ಅಮ್ಮನೇ. ಹೇಗೆ ಅಂತ ನಾನು ಕೇಳಿದೆ. ಅವರು ಗೇಟಿಗೆ ಒರಗಿ ಹೇಳಿದರು.

"ನನ್ನ ಫೋನಿನಲ್ಲಿ ದಿನಾ ಅಂಜಲ್ ಬರುತ್ತಿತ್ತು. ನನ್ನ ತಂಗಿಯ ಮಗಳು ಮುಂಬೈಯಲ್ಲಿ ಉಂಟು. ಅವಳು ಅದೇ ಲಿಂಕನ್ನು ನನಗೆ ವಾಪಸ್ ಕಳಿಸಿದಳು, ನಿಮ್ಮ ಮೀನಿನವರು ಇಂಟರ್ನೆಟ್ಟಿಗೆ ಬಂದಿದ್ದಾರಲ್ಲ ದೊಡ್ಡಮ್ಮ ಅಂತ. ಅದನ್ನು ಒತ್ತಿದರೆ ಬಂಗುಡೆ ಬಂತು. ಎರಡನ್ನೂ ಪಕ್ಕದಲ್ಲಿ ಇಟ್ಟು ನೋಡಿದೆ. ಅವಳದ್ದಕ್ಕೆ ಹಿಂದೆ ಪ್ರಶ್ನೆ ಚಿಹ್ನೆ ಹಾಕಿ ಉದ್ದಕ್ಕೆ ಎಂತದೋ ಉಂಟು. ಓಹೋ, ಮುಂಬೈಯವರಿಗೆ ಮಾತ್ರ ಬಾಲ ಕೊಟ್ಟಿದ್ದಾರೆ, ನಮಗೆ ಇಲ್ಲ ಅಂತ ಸ್ವಲ್ಪ ಬೇಸರ ಆಯಿತು. ನಾನೇ ಒಂದು ಹಾಕಿ ನೋಡುವ ಅಂತ ಬೂತಾಯಿ ಎಂದು ಬರೆದೆ. ಹೊಸ ಪಟ್ಟಿ ಬಂತು. ಮಾರನೇ ದಿನ ಅಕ್ಕ ಬೂತಾಯಿಯನ್ನೇ ತಂದರು."

"ಅದು ಬೂತಾಯಿಯ ಸಮಯ ಅಮ್ಮ. ಎಲ್ಲರೂ ಬೂತಾಯಿಯೇ ತರುತ್ತಾರೆ" ಎಂದಳು ಅಕ್ಕ.

"ನನಗೆ ಹೇಗೆ ಗೊತ್ತು? ನಾನು ನಮ್ಮ ಬರಹ ನಿಮಗೆ ಮುಟ್ಟುತ್ತದೆ ಅಂದುಕೊಂಡೆ. ಅದೇ ಬಾಲ ಎರಡನೇ ಸಲ ಹಾಕಿದರೆ ಹಳೆ ಮೀನು ಬರುತ್ತದೆ. ದಿನಾ ಹೊಸತು ಬರೆಯಬೇಕು. ದಿನಾ ಹೊಸತು ಎಂತ ಬರೆಯುವುದು? ಬೇಕಾದ್ದನ್ನು ಬರೆದೆ. ಹತ್ತು ಮನೆಯವರಿಗೆ ಹೇಳಿಯೂ ಕೊಟ್ಟೆ. ಮೈಕ್ ಒತ್ತಿ ಮಾತಾಡಿದರೆ ಅದೇ ಬರೆಯುತ್ತದಲ್ಲ, ಕಷ್ಟ ಇಲ್ಲ."

ನಾನು ಆ ಅಮ್ಮನ ಕಾಲಿಗೆ ಬೀಳುವುದೊಂದು ಬಾಕಿ. ಟೀಚರ್ ಎರಡು ತಿಂಗಳು ಬೋರ್ಡಿನಲ್ಲಿ ಬರೆದು ಹೇಳಿದ್ದನ್ನು ಇವರು ಅಡುಗೆಮನೆಯಲ್ಲಿ ನಿಂತು ಅರ್ಥ ಮಾಡಿಕೊಂಡಿದ್ದರು.

ಅಲ್ಲಿಂದ ಮುಂದೆ ಒಂದೊಂದು ಗೇಟಿನಲ್ಲೂ ಹಬ್ಬ. ಅಕ್ಕ ಅವರವರಿಗೆ ಬೇಕಾದ ತೊಟ್ಟೆಯನ್ನು ತೆಗೆದು ಕೊಡುತ್ತಾಳೆ. ಎಟ್ಟಿಯ ಮನೆಯವರಿಗೆ ದೊಡ್ಡ ಎಟ್ಟಿ. ಅವರು ಬಾಯಿ ತೆರೆದು ನಿಂತರು. ಗೇರುಮರದ ಮನೆಯವರಿಗೆ ಬಂಗುಡೆಯ ಜೊತೆಗೆ ಹುರಿಯುವ ಕ್ರಮವನ್ನೂ ಹೇಳಿ ಕೊಟ್ಟಳು, ಅವರು ಕೇಳಿರಲಿಲ್ಲ. ಸೂತಕದ ಮನೆಯ ಎದುರು ಎಂಜಿನ್ ನಿಲ್ಲಿಸಿ, ಆಟೋವನ್ನು ನಾವಿಬ್ಬರೂ ತಳ್ಳಿಕೊಂಡು ದಾಟಿದೆವು. ಸೂತಕ ಹಿಂದಿನ ದಿನವೇ ಕಳೆದಿತ್ತಂತೆ, ಅವರು ಗೇಟಿಗೆ ಓಡಿ ಬಂದು, "ಕೆಟ್ಟುಹೋಯಿತಾ ಆಟೋ? ಮೀನು ಕೊಡದೆ ಹೋಗುವುದಾ?" ಎಂದು ಕೇಳಿದರು.

ಎಲ್ಲವೂ ಸರಿಯಾಗಲಿಲ್ಲ ಎನ್ನಿ. ಒಬ್ಬರು ಒಂದು ವಾರ ಹಿಂದೆ ಮನೆಗೆ ನೆಂಟರು ಬರುತ್ತಾರೆ, ಬಹಳ ಮರುವಾಯಿ ಚಿಪ್ಪು ಬೇಕು ಅಂತ ಬರೆದಿದ್ದರು. ಅಕ್ಕ ಅದನ್ನೂ ತಂದಿದ್ದಳು. ನೆಂಟರು ಬಂದು ಉಂಡು ಹೋಗಿ ಆಗಿತ್ತು. ಆ ಮನೆಯ ಯಜಮಾನರು ಚಿಪ್ಪಿನ ರಾಶಿ ನೋಡಿ, "ಇಷ್ಟು ತಿನ್ನಲಿಕ್ಕೆ ಅವರನ್ನು ಪುನಃ ಕರೆಯಬೇಕು" ಎಂದರು. ಅವರ ಹೆಂಡತಿ ಒಳಗಿನಿಂದ, "ಬೇಡ, ನಾನೇ ತಿನ್ನುತ್ತೇನೆ" ಎಂದರು.

ಕಡೆಯ ಗೇಟಿನಲ್ಲಿ ಪೆಟ್ಟಿಗೆ ಕವುಚಿದಾಗ ಐಸ್ ಮಾತ್ರ ಬಿತ್ತು. ಆಗ ದೂರದಲ್ಲಿ ವ್ಯಾನಿನ ಮೈಕ್ ಕೇಳಿತು. ಅಕ್ಕ ಆಟೋದ ಅಂಚಿಗೆ ಕೂತು ಸೆರಗಿನಲ್ಲಿ ಮುಖ ಒರೆಸಿಕೊಂಡು ನಗಲಿಕ್ಕೆ ಶುರು ಮಾಡಿದಳು. ನಾನೂ ನಕ್ಕೆ. ನಗುವುದು ನಿಲ್ಲುತ್ತಿತ್ತು, ಒಬ್ಬರ ಮುಖ ಒಬ್ಬರು ನೋಡಿದರೆ ಪುನಃ ಶುರು. ವ್ಯಾನಿನವರು ನಮ್ಮನ್ನು ದಾಟುವಾಗ ನಿಧಾನ ಮಾಡಿ, ಎಂತ ಆಯಿತು ಅಂತ ಕೈಯಲ್ಲಿ ಕೇಳಿದರು. ಅಕ್ಕ ಏನೂ ಇಲ್ಲ ಅಂತ ಕೈಯಲ್ಲೇ ಹೇಳಿದಳು.

"ಈಗ ಹೇಳಿ ಬರಬೇಕಾ, ಕಡೆಯ ಭಾನುವಾರ ಅಂತ?" ಎಂದು ಕೇಳಿದೆ.

"ಯಾರು ಹೇಳಿದ್ದು ಕಡೆಯ ಭಾನುವಾರ ಅಂತ? ನಿನಗೆ ತಲೆ ಸರಿ ಇಲ್ಲ."

ಆ ಎಂಟು ಅಂಕೆಯ ಸಂಖ್ಯೆಯನ್ನು ನಾನು ಅವತ್ತೇ ತೆಗೆದೆ. ಆದರೆ ಒಂದು ತೊಂದರೆ ಇತ್ತು. ಹಳೆ ಪ್ರತಿ ಇಟ್ಟುಕೊಂಡ ಫೋನುಗಳು ಒಂದು ವರ್ಷ ನನ್ನ ಹತ್ತಿರ ಬರುವುದೇ ಇಲ್ಲವಲ್ಲ, ತಿದ್ದಿದ್ದು ಅವುಗಳಿಗೆ ಗೊತ್ತಾಗುವುದು ಹೇಗೆ? ವಿಳಾಸವನ್ನೇ ಬದಲಿಸಿಬಿಡಿ ಎಂದರು ಟೀಚರ್. ಅಕ್ಕ ಒಪ್ಪಲಿಲ್ಲ, ನಲವತ್ತು ಮನೆಯವರಿಗೆ ಪುನಃ ಲಿಂಕ್ ಮುಟ್ಟಿಸಿದರೆ ಅರ್ಧ ಜನ ಹಳತನ್ನೇ ಒತ್ತುತ್ತಾರೆ ಅಂತ. ಹಾಗಾಗಿ ಮುಂದಿನ ಎರಡು ಭಾನುವಾರ ನಾನು ಅಕ್ಕನ ಜೊತೆ ಹೋಗಿ, ಅವಳು ಮೀನು ತೂಗುವಾಗ ಗೇಟಿನಲ್ಲಿ ನಿಂತು ಒಬ್ಬೊಬ್ಬರ ಫೋನ್ ಇಸಿದುಕೊಂಡು ಹಳೆ ಪ್ರತಿ ಅಳಿಸಿ ಕೊಟ್ಟೆ. ಬಜಗೋಳಿಯ ನಲವತ್ತು ಫೋನಿಗೂ ಮೀನಿನ ವಾಸನೆ ಬಂದದ್ದು ನನ್ನ ಕೈಯಿಂದ.

ಈಗ ಬಾಲ ಇಲ್ಲದೆಯೂ ಹೊಸ ಪಟ್ಟಿ ಬರುತ್ತದೆ. ಬೇಕಾದ್ದನ್ನು ಬರೆಯಲಿಕ್ಕೆ ಅಂತ ಪೇಜಿನ ಅಡಿಯಲ್ಲಿ ಒಂದು ಚಂದದ ಪೆಟ್ಟಿಗೆಯನ್ನೂ ಟೀಚರ್ ಹೇಳಿಕೊಟ್ಟ ಹಾಗೆ ಮಾಡಿ ಹಾಕಿದೆ. ಅದರಲ್ಲಿ ಇವತ್ತಿನವರೆಗೆ ಒಬ್ಬರೂ ಬರೆದಿಲ್ಲ. ಎಲ್ಲರೂ ಬಾಲದಲ್ಲೇ ಬರೆಯುತ್ತಾರೆ, ಈಗ ನಲವತ್ತು ಮನೆಯವರೂ. ಟೀಚರಿಗೆ ಇದನ್ನು ಹೇಳಿದರೆ ತಲೆ ಮೇಲೆ ಕೈ ಇಟ್ಟು, "ಹಿಂಗ ಮಾಡಬಾರದು ರೀ" ಎನ್ನುತ್ತಾರೆ, ಆಮೇಲೆ, "ಇವತ್ತು ಏನ್ ಬಂದಾವ ತೋರಸ್ರಿ" ಎನ್ನುತ್ತಾರೆ. ನನಗೂ ಈಗ ದಿನಾ ಬೆಳಿಗ್ಗೆ ನಾಲ್ಕೂವರೆಗೆ ಎದ್ದು, ಅಕ್ಕ ದಕ್ಕೆಗೆ ಹೊರಡುವ ಮೊದಲು ಬಾಲ ಓದಿ ಹೇಳುವ ಕೆಲಸ. ನಿನ್ನೆಯದ್ದರಲ್ಲಿ ಬಜಗೋಳಿಯಿಂದ ಒಂದು ಸಾಲು ಹೀಗೆ ಇತ್ತು: ಮಗಳಿಗೆ ಹೆಣ್ಣು ಮಗು ಇಬ್ಬರೂ ಕ್ಷೇಮ ಈ ವಾರ ಮೀನು ಬೇಡ ಅಕ್ಕನಿಗೆ ಹೇಳಿ.

ಅಕ್ಕ ಅದನ್ನು ಕೇಳಿ, ಮೀನು ಬೇಡವಾದರೂ ಆ ಗೇಟಿನಲ್ಲಿ ಆಟೋ ನಿಲ್ಲಿಸಿ, ಕೈ ಸೋಪು ಹಾಕಿ ತೊಳೆದು, ಒಳಗೆ ಹೋಗಿ ಮಗುವನ್ನು ನೋಡಿ ಬಂದಳು. ಅಷ್ಟರಲ್ಲಿ ಮುಂದಿನ ಮನೆಯವರು ತಡವಾಯಿತು ಅಂತ ಒಂದು ಬಾಲ ಕಳಿಸಿದ್ದರು.

ನಿಮ್ಮ ಕಡೆಯಲ್ಲಿಯೂ ಹೀಗೆ ಆಗಿರಬಹುದು. ಫೋನಿನಲ್ಲಿ ಹಳತೇ ಕೂತು ನಿಮ್ಮನ್ನು ಸತಾಯಿಸಿದ್ದು, ಯಾರೋ ಹೇಳಿಕೊಡದ ಉಪಾಯವನ್ನು ನಿಮ್ಮ ಅಮ್ಮನೋ ಅತ್ತೆಯೋ ತಾವೇ ಕಂಡುಕೊಂಡದ್ದು, ಬರೆದದ್ದು ಎಲ್ಲಿಗೋ ಹೋಗಿ ಯಾರಿಗೋ ಮುಟ್ಟಿದ್ದು. ಇದ್ದರೆ ದಯವಿಟ್ಟು ನಾಲ್ಕು ಸಾಲು ಬರೆದು ತಿಳಿಸಿ. ನಿಧಾನಕ್ಕೆ ಟೈಪ್ ಮಾಡಿದರೂ ಆಗುತ್ತದೆ, ನಾನು ಓದುವುದೂ ನಿಧಾನವೇ.